ಮಗ ಫಿರಂಗಿ ದಳಕ್ಕೆ ಹೋಗುತ್ತೇನೆ ಎನ್ನುತ್ತಾನೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಅಡಕೆ ತೋಟದ ಮನೆ. ದ್ವಿತೀಯ ಪಿಯುಸಿಯಲ್ಲಿರುವ ಮಗನಿಗೆ ಗಣಿತವೆಂದರೆ ಪ್ರಾಣ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆದು ಸೇನೆಯ ಫಿರಂಗಿ ದಳದಲ್ಲಿ ಅಧಿಕಾರಿಯಾಗುತ್ತೇನೆಂದು ಹಟ ಹಿಡಿದಿದ್ದಾನೆ. ಫಿರಂಗಿಯವರು ಯುದ್ಧದಲ್ಲಿ ಹಿಂದೆಯೇ ಇರುತ್ತಾರೆ, ಅಪಾಯವಿಲ್ಲ ಎನ್ನುತ್ತಾನೆ. ನಿಜವೇ? ಅವರ ಜೀವನ ಹೇಗಿರುತ್ತದೆ?
– ಓರ್ವ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ, ಅಮ್ಮ. ಆ ದಳದಲ್ಲಿ ಬಹುಕಾಲ ಇದ್ದು ಬಂದವನಾಗಿ ಉಳಿದರ್ಧವನ್ನೂ ಹೇಳಬೇಕು. ಫಿರಂಗಿಗಳು ಹಿಂದೆ ನಿಲ್ಲುತ್ತವೆ. ಆದರೆ ಎಳೆಯ ಅಧಿಕಾರಿ ಬಹಳಷ್ಟು ಸಲ ಅವುಗಳ ಬಳಿ ಇರುವುದೇ ಇಲ್ಲ. ನಿಮ್ಮ ಸೀಮೆಯನ್ನೇ ನೆನೆದುಕೊಳ್ಳಿ: ಫಿರಂಗಿಗಳು ಗುಡ್ಡದ ಈಚೆಯ ಕಣಿವೆಯಲ್ಲಿ, ತೋಟದಂಚಿನ ಮರೆಯಲ್ಲಿವೆ, ಶತ್ರು ಗುಡ್ಡದ ಆಚೆ ಇದ್ದಾನೆ. ಗುಂಡು ಹಾರಿಸುವವರಿಗೆ ಗುರಿ ಕಾಣುವುದಿಲ್ಲ. ಅದನ್ನು ಕಾಣುವವನು ಪದಾತಿದಳದವರ ಜೊತೆಯಲ್ಲೇ ಕುಂದಾದ್ರಿಯಂಥ ನೆತ್ತಿಯನ್ನು ಹತ್ತಿ, ದುರ್ಬೀನು ಮತ್ತು ರೇಡಿಯೊ ಹಿಡಿದು ಕುಳಿತ ವೀಕ್ಷಣಾ ಅಧಿಕಾರಿ. ಮೊದಲ ಗುಂಡು ಬಿದ್ದ ಜಾಗ ನೋಡಿ, ಬಲಕ್ಕೆ ಇಷ್ಟು, ಮುಂದಕ್ಕೆ ಇಷ್ಟು ಎಂದು ಅವನು ಹೇಳಿದಂತೆ ಕೆಳಗೆ ನಳಿಗೆ ತಿರುಗುತ್ತದೆ. ಹಾಗಾಗಿ ಶತ್ರುವೂ ಅವನನ್ನೇ ಹುಡುಕುತ್ತಿರುತ್ತಾನೆ. 1999ರ ಕಾರ್ಗಿಲ್ ಯುದ್ಧದಲ್ಲಿ ಇಂಥ ಅಧಿಕಾರಿಗಳು ಪದಾತಿಗಳೊಡನೆ ಶಿಖರಗಳನ್ನು ಹತ್ತಿ ಬೋಫೋರ್ಸ್ ಫಿರಂಗಿಗಳಿಗೆ ಗುರಿ ತೋರಿಸಿದರು. ದ್ರಾಸ್‌ ಬಳಿಯ 5140 ಶಿಖರಕ್ಕೆ 2022ರಲ್ಲಿ ‘ಗನ್ ಹಿಲ್’ ಎಂದು ಹೆಸರಿಟ್ಟದ್ದು ಫಿರಂಗಿ ದಳದ ಗೌರವಾರ್ಥ.

ಗಣಿತದ ಪ್ರೀತಿ ಅವನಿಗೆ ಖಂಡಿತ ಒದಗುತ್ತದೆ. ನಮ್ಮಲ್ಲಿ ವೃತ್ತವನ್ನು ಭಾಗಿಸುವುದು 6400 ‘ಮಿಲ್’ಗಳಾಗಿ, ಒಂದು ಮಿಲ್ ತಪ್ಪಿದರೆ 1 ಕಿ.ಮೀ. ದೂರದಲ್ಲಿ ಸುಮಾರು 1 ಮೀಟರ್ ತಪ್ಪುತ್ತದೆ. 20 ಕಿ.ಮೀ. ದೂರಕ್ಕೆ ಹಾರಿಸುವಾಗ 5 ಮಿಲ್ ತಪ್ಪಿದರೆ ಗುಂಡು 100 ಮೀಟರ್ ಸರಿದು ಬೀಳುತ್ತದೆ, ಅಲ್ಲಿ ನಮ್ಮವರೇ ಇರಬಹುದು. ಗಾಳಿ, ಮದ್ದಿನ ಉಷ್ಣತೆ, ನಳಿಗೆಯ ಸವೆತ, ಭೂಮಿಯ ತಿರುಗುವಿಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಾನು ಲೆಫ್ಟಿನೆಂಟ್ ಆಗಿದ್ದ ಮೊದಲ ವರ್ಷ, ಅಭ್ಯಾಸದ ಹೊತ್ತಿನಲ್ಲಿ, ಎರಡು ಅಂಕಿಗಳನ್ನು ಅದಲುಬದಲು ಮಾಡಿ ಓದಿದೆ. ನಡುವಯಸ್ಸಿನ ಹವಾಲ್ದಾರರೊಬ್ಬರು ದನಿ ಏರಿಸದೆ, “ಸಾಹೇಬರೇ, ಇನ್ನೊಮ್ಮೆ ಓದಿ” ಎಂದರು. ಆ ದಿನದಿಂದ ಯಾವ ಅಂಕಿಯನ್ನೂ ಎರಡು ಸಲ ನೋಡದೆ ನಾನು ಹೇಳಿಲ್ಲ.

ಎನ್‌ಡಿಎ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತಕ್ಕೆ. ಎಸ್‌ಎಸ್‌ಬಿ (ಸೇನಾಪಡೆಗಳ ಅಧಿಕಾರಿ ಆಯ್ಕೆ ಮಂಡಳಿ) ಸಂದರ್ಶನಕ್ಕೂ 900 ಅಂಕಗಳಿವೆ. ಆಯ್ಕೆಯಾದರೆ ಪುಣೆ ಬಳಿಯ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ 3 ವರ್ಷ, ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ 1 ವರ್ಷ ತರಬೇತಿ. ಯಾವ ದಳ ಎಂಬುದು ಆಮೇಲೆ ಅರ್ಹತೆ, ಇಚ್ಛೆ, ಖಾಲಿ ಜಾಗಗಳನ್ನು ನೋಡಿ ತೀರ್ಮಾನವಾಗುವುದರಿಂದ, ಫಿರಂಗಿ ದಳವೇ ಸಿಗುತ್ತದೆ ಎಂದು ಈಗಲೇ ನಂಬಿಕೊಳ್ಳಬಾರದು. ಸಿಕ್ಕರೆ ನಾಸಿಕ್ ಬಳಿಯ ದೇವಳಾಲಿಯ ಫಿರಂಗಿ ಶಾಲೆಯಲ್ಲಿ ತರಬೇತಿ. ಸಾಮಾನ್ಯವಾಗಿ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಕರ್ನಲ್ ಪದವಿಗೆ ಆಯ್ಕೆ ಮಂಡಳಿಯನ್ನು ದಾಟಬೇಕು. ಯೋಗ್ಯರೂ ಅಲ್ಲಿ ನಿಂತುಬಿಡುವುದುಂಟು. ಭಾರತೀಯರ ಮೊದಲ ಫೀಲ್ಡ್ ಫಿರಂಗಿ ಬ್ರಿಗೇಡ್ 1935ರಲ್ಲಿ ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಮಗನಿಗೆ ಹೇಳಿ.

ಮನೆಯ ಮಾತು. ಗಡಿಯ ನೇಮಕದಲ್ಲಿ ಸಂಸಾರ ಜೊತೆಗಿರುವಂತಿಲ್ಲ. ವರ್ಷಕ್ಕೆ 60 ದಿನದ ರಜೆ ಇದ್ದರೂ ಅಡಕೆ ಕೊಯ್ಲಿನ ಹೊತ್ತಿಗೇ ಅದು ಸಿಗುತ್ತದೆಂಬ ಭರವಸೆ ಬೇಡ. ಕಿವಿಯ ರಕ್ಷಣೆಯನ್ನು ಮಾತ್ರ ಮೊದಲ ದಿನದಿಂದಲೂ ಬಿಡಬಾರದೆಂದು ಅವನಿಗೆ ಹೇಳಿ. ನನ್ನ ಎಡಗಿವಿ ಈಗ ಮಳೆಯ ಸದ್ದನ್ನೂ ಸರಿಯಾಗಿ ಕೇಳುವುದಿಲ್ಲ.

ಪ್ರಶ್ನೆ: ಈ ದಳದಲ್ಲಿ ಹೆಣ್ಣುಮಕ್ಕಳಿಗೆ ಅವಕಾಶವಿದೆಯೇ?
– ವಿದ್ಯಾರ್ಥಿನಿ, ಸಾಗರ

ಉತ್ತರ: ಇದೆ, ಮಗಳೇ. 2023ರ ಏಪ್ರಿಲಿನಲ್ಲಿ ಚೆನ್ನೈ ತರಬೇತಿ ಅಕಾಡೆಮಿಯಿಂದ ಐವರು ಮಹಿಳಾ ಅಧಿಕಾರಿಗಳು ಮೊದಲ ಬಾರಿಗೆ ಫಿರಂಗಿ ದಳ ಸೇರಿದರು. ಎನ್‌ಡಿಎಗೂ 2022ರಿಂದ ಹುಡುಗಿಯರು ಸೇರುತ್ತಿದ್ದಾರೆ. ಪಿಯುಸಿಯಲ್ಲಿ ಗಣಿತವನ್ನು ಕೈಬಿಡಬೇಡ.