ಸಚಿವರು ಸದನದಲ್ಲಿ ಹೇಳಿದ್ದೇನು? ದಾಖಲೆ ಹುಡುಕುವ ಬಗೆ

ಪ್ರಶ್ನೆ: ನಮ್ಮ ತಂದೆ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. 2001ರಲ್ಲಿ ಗಣಿ ಮುಚ್ಚಿದಾಗ ಕಾರ್ಮಿಕರ ಬಾಕಿ ಬಗ್ಗೆ ಲೋಕಸಭೆಯಲ್ಲಿ ಸಚಿವರು ಏನಾದರೂ ಹೇಳಿದ್ದರೆ ಅದರ ಅಧಿಕೃತ ಪ್ರತಿ ಬೇಕು. ಎಷ್ಟು ತಡಕಿದರೂ ಸಿಗುತ್ತಿಲ್ಲ. (ಓದುಗರು, ಬಂಗಾರಪೇಟೆ)

ಉತ್ತರ: ಸಿಗದವರಲ್ಲಿ ಹೆಚ್ಚಿನವರು ಹುಡುಕುವುದು ಭಾಷಣವನ್ನು. ಆದರೆ ಬಾಕಿ, ಪರಿಹಾರದಂಥ ಅಂಕಿ-ಅಂಶ ಸಾಮಾನ್ಯವಾಗಿ ಇರುವುದು ಪ್ರಶ್ನೋತ್ತರದಲ್ಲಿ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20. ಸಚಿವರು ಎದ್ದು ನಿಂತು ಉತ್ತರಿಸುವುದು ಇವಕ್ಕೆ, ಅದೂ ಒಂದು ಗಂಟೆಯೊಳಗೆ ಸರದಿ ಬಂದ ಕೆಲವಕ್ಕೆ ಮಾತ್ರ. ಚುಕ್ಕೆ ಗುರುತಿಲ್ಲದವು 230ರವರೆಗೆ ಇರುತ್ತವೆ. ಅವುಗಳ ಲಿಖಿತ ಉತ್ತರವನ್ನು ಮಂಡಿಸಿ ಮುಗಿಸುತ್ತಾರೆ, ಸದನದಲ್ಲಿ ಯಾರೂ ಓದಿ ಹೇಳುವುದಿಲ್ಲ. ಅಂಥದ್ದನ್ನು ವಿಡಿಯೊದಲ್ಲಿ ಹುಡುಕಿ ಫಲವಿಲ್ಲ.

ಸಂಸದ್ ಡಾಟ್ ಇನ್ ತಾಣದ ಲೋಕಸಭೆ ಭಾಗದಲ್ಲಿ ಪ್ರಶ್ನೆಗಳ ಪುಟವಿದೆ. ಹಳೆಯ ಸಂಪುಟಗಳು ಪಾರ್ಲಿಮೆಂಟ್ ಡಿಜಿಟಲ್ ಲೈಬ್ರರಿಯಲ್ಲಿವೆ. ಮೊದಲು 13ನೇ ಲೋಕಸಭೆ (1999-2004) ಆರಿಸಿ, ನಂತರ ಗಣಿ ಸಚಿವಾಲಯ. ಹುಡುಕುವ ಪದವಾಗಿ ಭಾರತ್ ಗೋಲ್ಡ್ ಮೈನ್ಸ್ (ಗಣಿ ನಡೆಸುತ್ತಿದ್ದ ಕಂಪನಿ), ಅದರ ಚುಟುಕು ರೂಪ ಬಿಜಿಎಂಎಲ್, ಕೋಲಾರ ಗೋಲ್ಡ್ ಫೀಲ್ಡ್ಸ್ ಎಂಬ ಮೂರನ್ನೂ ಇಂಗ್ಲಿಷಿನಲ್ಲಿ ಒಂದೊಂದಾಗಿ ಕೊಟ್ಟು ನೋಡಿ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು, ಆದರೆ ಆ ತಾರೀಖಿಗೇ ಅಂಟಿಕೊಳ್ಳಬೇಡಿ: ಅಂದು ಸದನದಲ್ಲಿ ಕೇಂದ್ರ ಬಜೆಟ್ ಮಂಡನೆಯಿತ್ತು. ಅದರ ಹಿಂದಿನ, ಮುಂದಿನ ಅಧಿವೇಶನಗಳನ್ನು ಜಾಲಾಡಿ. ಕ್ಷೇತ್ರದ ಸಂಸದರೇ ವಿಷಯ ಎತ್ತಿದ್ದರೆ ಅದು ಶೂನ್ಯವೇಳೆಯಲ್ಲೋ (ತುರ್ತು ವಿಷಯ ಎತ್ತುವ ಹೊತ್ತು) ನಿಯಮ 377ರ ಅಡಿಯಲ್ಲೋ (ಸದಸ್ಯರು ವಿಷಯವನ್ನು ಸದನದ ಗಮನಕ್ಕೆ ತರುವ ನಿಯಮ) ಇರುತ್ತದೆ, ಅಂದರೆ ಚರ್ಚೆಯ ಸಂಪುಟದಲ್ಲಿ.

ಎಡವುವುದು ಭಾಷೆಯಲ್ಲಿ. ಹಿಂದಿಯಲ್ಲಿ ಆಡಿದ್ದು ಮೂಲ ಸಂಪುಟದಲ್ಲಿ ದೇವನಾಗರಿಯಲ್ಲೇ ಅಚ್ಚಾಗಿರುತ್ತದೆ, ಇಂಗ್ಲಿಷ್ ಪದ ಕೊಟ್ಟರೆ ಸಿಕ್ಕದು. ಕನ್ನಡದಲ್ಲಿ ಆಡಿದ್ದು ಇಂಗ್ಲಿಷ್ ಅನುವಾದವಾಗಿ, ‘ಮೂಲ ಭಾಷಣ ಕನ್ನಡದಲ್ಲಿ’ ಎಂಬ ಅಡಿಟಿಪ್ಪಣಿಯೊಡನೆ ಸಿಗುತ್ತದೆ. ಹಳೆಯ ಸಂಪುಟಗಳು ಸ್ಕ್ಯಾನ್ ಆದವು. ಅಕ್ಷರ ಮಸುಕಾದಲ್ಲಿ ಯಂತ್ರ ತಪ್ಪಾಗಿ ಓದಿರುತ್ತದೆ. ಆಗ ವಿಷಯಸೂಚಿ ತೆರೆದು ಕಣ್ಣಲ್ಲೇ ಹುಡುಕಬೇಕು, ಬೇರೆ ದಾರಿಯಿಲ್ಲ.

ಸಿಕ್ಕ ಮೇಲೆ ಪ್ರಶ್ನೆ ಸಂಖ್ಯೆ, ಉತ್ತರಿಸಿದ ದಿನಾಂಕ, ಕೇಳಿದ ಸದಸ್ಯರ ಹೆಸರು ಬರೆದಿಟ್ಟುಕೊಳ್ಳಿ. ಹಳೆಯ ಚರ್ಚಾ ಸಂಪುಟಗಳಲ್ಲಿ ಒಂದು ಪುಟಕ್ಕೆ ಎರಡು ಅಂಕಣ, ಸಂಖ್ಯೆ ಇರುವುದು ಅಂಕಣಕ್ಕೆ. ಅದನ್ನು ಪುಟಸಂಖ್ಯೆಯೆಂದು ಅರ್ಜಿಯಲ್ಲಿ ಬರೆದರೆ ಎದುರಿನವರಿಗೆ ಸಿಗುವುದಿಲ್ಲ. ತಾರೀಖಿನ ಪಕ್ಕದ ಶಕವರ್ಷ ನೋಡಿ ಗಾಬರಿಯಾಗಬೇಡಿ: ‘ಫಾಲ್ಗುಣ 9, 1922’ ಎಂದರೆ ಅದೇ 2001ರ ಫೆಬ್ರುವರಿ 28.

ಉತ್ತರದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಿದ್ದರೆ ಅಲ್ಲಿಗೇ ಬಿಡಬೇಡಿ. ಅಂಥ ಮಾತನ್ನು ‘ಭರವಸೆ’ಯೆಂದು ಗುರುತಿಸಿದರೆ ಮೂರು ತಿಂಗಳಲ್ಲಿ ಈಡೇರಿಸಬೇಕೆಂಬುದು ನಿಯಮ. ಅದರ ಮೇಲೆ ಕಣ್ಣಿಡಲು ಸರ್ಕಾರಿ ಭರವಸೆಗಳ ಸಮಿತಿಯಿದೆ, ಅದರ ವರದಿಗಳನ್ನೂ ತೆರೆಯಿರಿ.

ಪ್ರಶ್ನೆ: ಒಬ್ಬ ಸಂಸದರ ಮಾತಿನ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬಂತು. ದಾಖಲೆಯಲ್ಲಿ ಅದೇ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆಗಳಿವೆ. ಯಾವುದನ್ನು ನಂಬಲಿ? (ಓದುಗರು, ಶಿಡ್ಲಘಟ್ಟ)

ಉತ್ತರ: ಅಡಿಟಿಪ್ಪಣಿ ಓದಿ. ‘ದಾಖಲಾಗಿಲ್ಲ’ ಎಂದಿದ್ದರೆ ಪೀಠದ, ಅಂದರೆ ಸದನ ನಡೆಸುವವರ, ಅನುಮತಿಯಿಲ್ಲದೆ ಆಡಿದ್ದು, ಕಡತಕ್ಕೆ ಹೋಗಲೇ ಇಲ್ಲ. ‘ಪೀಠದ ಆದೇಶದಂತೆ ತೆಗೆದುಹಾಕಲಾಗಿದೆ’ ಎಂದಿದ್ದರೆ ನಿಯಮ 380ರ ಅಡಿ ಸ್ಪೀಕರ್ ಕಡತದಿಂದ ತೆಗೆಸಿದ್ದು. ಆಡಿದ್ದು ನಿಜವಿದ್ದರೂ ಅಧಿಕೃತ ದಾಖಲೆಯ ಪ್ರಕಾರ ಆ ಮಾತಿಲ್ಲ. ತೆಗೆದುಹಾಕಿದ್ದನ್ನು ಸದನದ ವರದಿಯೆಂದು ಪ್ರಕಟಿಸುವುದು ಹಕ್ಕುಚ್ಯುತಿಗೆ (ಸದನದ ವಿಶೇಷ ಹಕ್ಕಿನ ಉಲ್ಲಂಘನೆ) ದಾರಿಯಾಗಬಹುದು. ಪಟ್ನಾದ ‘ಸರ್ಚ್‌ಲೈಟ್’ ಪತ್ರಿಕೆ ಬಿಹಾರ ವಿಧಾನಸಭೆಯ ವಿಷಯದಲ್ಲಿ ಹೀಗೇ ಸಿಕ್ಕಿಕೊಂಡು 1958ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತಿತು. ಫಾರ್ವರ್ಡ್ ಮಾಡುವ ಮುನ್ನ ಇದು ನೆನಪಿರಲಿ. ಪ್ರತಿಯ ತಲೆಯಲ್ಲಿ ‘ತಿದ್ದದ ಪ್ರತಿ’ ಎಂಬರ್ಥದ ಇಂಗ್ಲಿಷ್ ಸೂಚನೆ ಇದ್ದರೆ ಅದನ್ನೂ ಉಲ್ಲೇಖಿಸಬೇಡಿ, ಅಂತಿಮ ಪ್ರತಿಗೆ ಕಾಯಿರಿ.

ಪ್ರಶ್ನೆ: ನಮ್ಮೂರ ಕೆರೆ ಹೂಳೆತ್ತುವ ವಿಷಯವೂ ಅಲ್ಲೇ ಸಿಗುತ್ತದೆಯೇ? (ಓದುಗರು, ಗುಬ್ಬಿ)

ಉತ್ತರ: ಕೆರೆ ರಾಜ್ಯದ ವಿಷಯ. ಕರ್ನಾಟಕ ವಿಧಾನಸಭೆ ಹಾಗೂ ಪರಿಷತ್ತಿನ ನಡಾವಳಿಯಲ್ಲಿ, ಸಣ್ಣ ನೀರಾವರಿ ಇಲಾಖೆಯ ಉತ್ತರಗಳಲ್ಲಿ ನೋಡಿ. ಅವು ಕನ್ನಡದಲ್ಲೇ ಇರುತ್ತವೆ. ಹಳೆಯದನ್ನು ಇಂಗ್ಲಿಷಿನಲ್ಲಿ ಹುಡುಕುವಾಗ ಮಾತ್ರ ಜಿಲ್ಲೆಯ ಹಳೆಯ ಸ್ಪೆಲ್ಲಿಂಗ್ (Tumkur) ಬಳಸಿ, ‘Tumakuru’ ಎಂಬ ಈಗಿನ ರೂಪ ಬಂದದ್ದು 2014ರ ನವೆಂಬರ್‌ನಲ್ಲಿ. ಚಿಕ್ಕಬಳ್ಳಾಪುರದವರು 2007ಕ್ಕಿಂತ ಹಿಂದಿನದನ್ನು ಕೋಲಾರ ಜಿಲ್ಲೆಯಡಿ ಹುಡುಕಬೇಕು.