ಮಗ ಊಟಾನೂ ಮಾಡ್ತಿಲ್ಲ, ಮಾತೂ ಆಡ್ತಿಲ್ಲ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಹೊಸನಗರದ ಕಡೆಯ ಒಂಟಿ ಮನೆ. ಸುತ್ತ ಅಡಿಕೆ ತೋಟ, ಪಕ್ಕದ ಮನೆಗೆ ಹೋಗಬೇಕೆಂದರೆ ಒಂದು ಗುಡ್ಡ ಇಳಿದು ಹತ್ತಬೇಕು. ಅಲ್ಲಿಂದ ಶಿವಮೊಗ್ಗಕ್ಕೆ ನನ್ನ ಬಳಿ ಬಂದ ತಾಯಿಯನ್ನು ಸುಧಾ ಅನ್ನೋಣ. ಮಗನಿಗೆ 22 ತಿಂಗಳು. "ಮೇಡಂ, ಇವನು ಊಟ ಮಾಡಲ್ಲ. ಮಾತು ಅಂದ್ರೆ ಅಮ್ಮ, ಬಾ, ಅಂಬಾ, ಅಷ್ಟೇ. ಬೆಂಗಳೂರಲ್ಲಿರೋ ನಾದಿನಿ ಮಗಳು ಇದೇ ವಯಸ್ಸಿಗೆ ಹಾಡು ಹೇಳ್ತಾಳೆ" ಎಂದರು. ಅತ್ತೆಯದು ಬೇರೆ ಮಾತು: "ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನಿರು."

ಸುಧಾ ಮಗು ಹುಟ್ಟಿದಾಗಿನಿಂದ ಡೈರಿ ಬರೆಯುತ್ತಿದ್ದರು. ಅದನ್ನು ಓದಲು ಕೇಳಿದೆ. ಮೊದಲ ವರ್ಷದ ಪುಟಗಳು ತುಂಬಾ ಚೆನ್ನಾಗಿದ್ದವು. ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ಜಗಲಿಯ ಕಂಬ ಹಿಡಿದು ನಿಂತದ್ದು. ವರ್ಷ ತುಂಬಿದ ಮೇಲೆ ಬರವಣಿಗೆ ಬದಲಾಗಿದೆ. "ಮೂರು ತುತ್ತು. ಉಗಿದ. ಮೊಬೈಲ್ ಕೊಟ್ಟ ಮೇಲೆ ಅರ್ಧ ಬಟ್ಟಲು." ಪುಟ ಪುಟಕ್ಕೂ ಇದೇ. ಮಗು ಏನು ನೋಡಿತು, ಏನು ಕೇಳಿತು ಅನ್ನುವುದು ಅಲ್ಲೊಂದು ಇಲ್ಲೊಂದು ಸಾಲು ಮಾತ್ರ.

ಹಾಗಾಗಿ ಊಟದಿಂದಲೇ ಶುರು ಮಾಡಿದೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಸುಮಾರು ಮೂರು ಪಟ್ಟಾಗುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆ.ಜಿ. ಅಷ್ಟೇ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ತಾಯಿ ಕಾರ್ಡಿನಲ್ಲಿ ಇವನ ತೂಕದ ಗೆರೆ ಸರಿಯಾಗಿಯೇ ಏರುತ್ತಿತ್ತು. ಇನ್ನೊಂದು ಕಾರಣವೂ ಸಿಕ್ಕಿತು. ಮನೆಯಲ್ಲೇ ಕರೆಯುವ ಹಸು. "ಊಟ ಬೇಡ ಅಂದ್ರೆ ಹಾಲಾದರೂ ಕುಡೀಲಿ" ಅಂತ ದಿನಕ್ಕೆ ಐದಾರು ಲೋಟ ಕುಡಿಸುತ್ತಿದ್ದರು! ಹಾಲಲ್ಲೇ ಹೊಟ್ಟೆ ತುಂಬಿದವನು ಅನ್ನ ಯಾಕೆ ತಿಂತಾನೆ? ಹಾಲಿನಲ್ಲಿ ಕಬ್ಬಿಣಾಂಶವೂ ತೀರಾ ಕಡಿಮೆ. ಅರ್ಧ ಲೀಟರಿಗೆ ಇಳಿಸಿ, ಮಕ್ಕಳ ಡಾಕ್ಟರ ಹತ್ತಿರ ರಕ್ತಹೀನತೆ ಇದೆಯಾ ಅಂತ ಒಮ್ಮೆ ನೋಡಿಸಿ ಎಂದೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಅನ್ನುವುದು ನಿಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅವನಿಗೇ ಬಿಡಿ.

ಮಾತಿನ ವಿಷಯಕ್ಕೆ ಬಂದರೆ, ಬಾಯಿಂದ ಬರುವ ಪದಕ್ಕಿಂತ ಮೊದಲು ಎಷ್ಟು ಅರ್ಥವಾಗುತ್ತದೆ ಅಂತ ನೋಡಬೇಕು. ಇದಕ್ಕೆ ಉತ್ತರ ಡೈರಿಯಲ್ಲೇ ಇತ್ತು. ಅಜ್ಜ ತೋಟಕ್ಕೆ ಹೊರಟರೆ ಚಪ್ಪಲಿ ತಂದು ಕೊಡುತ್ತಾನೆ. ಕರು ಕಂಡರೆ ಬೆರಳು ತೋರಿಸಿ ಅಮ್ಮನ ಮುಖ ನೋಡುತ್ತಾನೆ. ಹೀಗೆ ತೋರಿಸುವುದು, ನೋಡಿದ್ದನ್ನು ಹಂಚಿಕೊಳ್ಳುವುದು ತುಂಬಾ ಒಳ್ಳೆಯ ಲಕ್ಷಣ. ಹೆಸರು ಕರೆದರೆ ತಿರುಗದ, ಬೆರಳು ತೋರಿಸದ, ಕಲಿತ ಪದವನ್ನೇ ಬಿಟ್ಟುಬಿಟ್ಟ ಮಗುವಾಗಿದ್ದರೆ ಒಂದು ದಿನವೂ ಕಾಯಬೇಡಿ ಅನ್ನುತ್ತಿದ್ದೆ.

ಆದರೂ ಅತ್ತೆಯ "ಸುಮ್ನಿರು" ನನಗೆ ಒಪ್ಪಿಗೆಯಾಗಲಿಲ್ಲ. ಮಳೆಗಾಲದ ಪುಟಗಳಲ್ಲಿ ನೆಗಡಿ, ಕಿವಿ ಸೋರಿದ್ದು ಮತ್ತೆ ಮತ್ತೆ ಬಂದಿತ್ತು. ನೆಗಡಿ ವಾಸಿಯಾದ ಮೇಲೂ ಕಿವಿ ತಮಟೆಯ ಹಿಂದೆ ನೀರು ನಿಲ್ಲಬಹುದು. ಆಗ ಶಬ್ದ ಕೇಳುತ್ತದೆ, ಮಾತು ಮಸುಕಾಗಿ ಕೇಳುತ್ತದೆ. ಹಿಂದಿನಿಂದ ಕರೆದರೆ ತಿರುಗುತ್ತಾನೆ ಅಂತ ಮನೆಯವರು ನಿಶ್ಚಿಂತೆಯಿಂದ ಇರುತ್ತಾರೆ. ಕಿವಿ ಪರೀಕ್ಷೆ ಮಾಡಿಸಲೇಬೇಕು ಎಂದು ಹೇಳಿದೆ.

ಮೊಬೈಲಿನ ಬಗ್ಗೆ ಕೇಳಿದಾಗ ಸುಧಾ ತಲೆ ತಗ್ಗಿಸಿದರು. ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಮಲೆನಾಡಿನ ಮನೆಯಲ್ಲಿ ಹೆಂಗಸರಿಗೆ ಕೂರಲೂ ಪುರುಸೊತ್ತಿರಲ್ಲ, ಅಲ್ವಾ? ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನನಗೆ ಕಾಣುವ ನಷ್ಟ ಇಷ್ಟು: ಊಟದ ಹೊತ್ತು ಅಮ್ಮ ಮಗ ಮುಖಾಮುಖಿ ಕೂರುವ ಹೊತ್ತು. ಆ ಹೊತ್ತಿನ ಮಾತನ್ನೆಲ್ಲ ಮೊಬೈಲ್ ತಿಂದುಹಾಕುತ್ತದೆ.

"ಹೇಳು, ಹೇಳು" ಅಂತ ಒತ್ತಾಯ ಬೇಡ. ಅವನು "ಅಂಬಾ" ಅಂದರೆ ನೀವು "ಅಂಬಾ ಹುಲ್ಲು ತಿಂತಿದೆ" ಅನ್ನಿ. ಆಮೇಲೆ ಸುಮ್ಮನಿದ್ದು ಕಾಯಿರಿ. ಕೊಟ್ಟಿಗೆ, ಬಚ್ಚಲ ಒಲೆ, ಅಡಿಕೆ ಚಪ್ಪರ, ಎಲ್ಲಿ ಕೆಲಸ ಮಾಡುತ್ತೀರೋ ಅಲ್ಲೇ ಅವನ ಜೊತೆ ಮಾತಾಡಿ. ಅಂಗನವಾಡಿ ಹತ್ತಿರ ಇಲ್ಲ, ಆದರೆ ವಾರಕ್ಕೊಮ್ಮೆಯಾದರೂ ಬೇರೆ ಮಕ್ಕಳ ಜೊತೆ ಬಿಡಿ. ನಾದಿನಿ ಮಗಳ ವಿಡಿಯೋ ನೋಡುವುದನ್ನು ಸದ್ಯಕ್ಕೆ ನಿಲ್ಲಿಸಿ.

ಮುಂದಿನ ಭೇಟಿಗೆ ಅತ್ತೆಯೂ ಬಂದಿದ್ದರು. ಹಾಲು ಇಳಿದಿತ್ತು, ಊಟ ಪರವಾಗಿಲ್ಲ. ಅಜ್ಜಿ ಉಣಿಸುವಾಗ ಮಾತ್ರ ಮೊಬೈಲ್ ಇನ್ನೂ ಹೊರಗೆ ಬರುತ್ತದೆ. ಒಂದು ಕಿವಿಯಲ್ಲಿ ನೀರು ನಿಂತಿದೆಯಂತೆ. ಬಹುತೇಕ ಮಕ್ಕಳಿಗೆ ಇದು ತಾನಾಗಿಯೇ ಹೋಗುತ್ತದೆ, ಮೂರು ತಿಂಗಳು ಬಿಟ್ಟು ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಎರಡು ವರ್ಷ ತುಂಬುವಾಗ "ಅಂಬಾ ಬಾ" ಅನ್ನುವಂತೆ ಎರಡು ಪದ ಜೋಡಿಸದಿದ್ದರೆ, ಆ ಮೂರು ತಿಂಗಳಿಗೂ ಕಾಯದೆ ವಾಕ್ ಚಿಕಿತ್ಸಕರನ್ನು ಕಾಣಿ ಎಂದಿದ್ದೇನೆ. ಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು.