ಸಂಪಾದಕರ ಉತ್ತರ: ಎರಡೂವರೆ ಅಂದ್ರೆ ಕಮ್ಮಿನಾ?

ಹಾಸನದಿಂದ ಬರೆದ ಅಮ್ಮನವರೇ, ನಿಮ್ಮ ಮಗಳ ಪ್ರಬಂಧ ಜೀವಕೋಶ ಮತ್ತು ಅಂಗಾಂಶಗಳ ರಸಾಯನಶಾಸ್ತ್ರದ ಜರ್ನಲ್ ಒಂದರಲ್ಲಿ ಬಂತು, ಸಂದರ್ಶನದಲ್ಲಿ ಯಾರೋ ‘ಇಂಪ್ಯಾಕ್ಟ್ ಫ್ಯಾಕ್ಟರ್ ಎರಡೂವರೆ ಅಷ್ಟೇನಾ?’ ಅಂದುಬಿಟ್ಟರು, ಹಾಗಾದರೆ ಅದು ಟೊಳ್ಳು ಜರ್ನಲ್ಲಾ ಎಂದು ಕೇಳಿದ್ದೀರಿ. ಅಲ್ಲ.

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಜರ್ನಲ್ಲಿನ ಪ್ರಬಂಧವೊಂದಕ್ಕೆ ಸರಾಸರಿ ಎಷ್ಟು ಉಲ್ಲೇಖ ಬಂತು ಅನ್ನೋ ಅಂಕಿ. ಲೆಕ್ಕ ಸುಲಭ. ಜರ್ನಲ್ಲು ಎರಡು ವರ್ಷದಲ್ಲಿ 100 ಪ್ರಬಂಧ ಹಾಕಿತು ಅನ್ನಿ. ಮೂರನೇ ವರ್ಷ ಬಂದ ಪ್ರಬಂಧಗಳು ಅವನ್ನು 250 ಸಲ ಉಲ್ಲೇಖಿಸಿದರೆ ಎರಡೂವರೆ. ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಇದರ ಬೀಜ ಹಾಕಿದರು. ಲೈಬ್ರರಿಯವರಿಗೆ ಯಾವ ಜರ್ನಲ್ ತರಿಸಬೇಕು ಎಂದು ನೋಡೋಕೆ ಅನುಕೂಲವಾಗಿತ್ತು. ಮಕ್ಕಳ ಸಂದರ್ಶನಕ್ಕೆ ಬಂದು ಕೂತಿದ್ದು ಆಮೇಲೆ. (ನಮ್ಮ ಪತ್ರಿಕೆಗೆ ಈ ಲೆಕ್ಕ ಹಾಕಿದರೆ ಸೊನ್ನೆ, ಬಿಡಿ.)

ತೊಡಕಿರುವುದು ಆ ಎರಡು ವರ್ಷದಲ್ಲೇ. ನಿಮ್ಮ ಹಾಸನದ ಆಲೂಗಡ್ಡೆ ಮೂರು ತಿಂಗಳಿಗೆ ಕೈಗೆ ಬರುತ್ತೆ. ನಮ್ಮ ಚಿಕ್ಕಮಗಳೂರಿನ ಕಾಫಿ ಗಿಡಕ್ಕೆ ಮೂರೋ ನಾಲ್ಕೋ ವರ್ಷ ಕಾಯಬೇಕು, ಆಮೇಲೆ ದಶಕಗಟ್ಟಲೆ ಫಸಲು. ನಿಮ್ಮ ಮಗಳ ವಿಷಯವಾದ ಹಿಸ್ಟೋಕೆಮಿಸ್ಟ್ರಿ ಕಾಫಿ ಜಾತಿಯದು. ಅಂಗಾಂಶವನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಯಾವ ರಾಸಾಯನಿಕ ಜೀವಕೋಶದ ಯಾವ ಮೂಲೆಯಲ್ಲಿದೆ ಅಂತ ಮೈಕ್ರೋಸ್ಕೋಪಿನಲ್ಲಿ ಹುಡುಕುವ ಕೆಲಸ ಅದು. ಹೊಸ ವಿಧಾನ ಬಂದರೆ ಬೇರೆ ಲ್ಯಾಬಿನವರು ಅದನ್ನು ಕಲಿತು, ತಮ್ಮ ಸ್ಲೈಡಿಗೆ ಹೊಂದಿಸಿಕೊಂಡು, ಬರೆದು, ಅಚ್ಚಾಗುವಷ್ಟರಲ್ಲಿ ಲೆಕ್ಕದ ಗಡುವು ಮುಗಿದೇ ಹೋಗಿರುತ್ತೆ.

1953ರಲ್ಲಿ ಶುರುವಾದ ‘ಜರ್ನಲ್ ಆಫ್ ಹಿಸ್ಟೋಕೆಮಿಸ್ಟ್ರಿ ಅಂಡ್ ಸೈಟೋಕೆಮಿಸ್ಟ್ರಿ’ಯನ್ನೇ ನೋಡಿ. ಒಂದಕ್ಕೊಂದು ಬಿಗಿಯಾಗಿ ಅಂಟುವ ಅವಿಡಿನ್, ಬಯೋಟಿನ್ ಅನ್ನೋ ಅಣುಗಳನ್ನು ಬಳಸಿ ಸ್ಲೈಡಿನಲ್ಲಿ ಪ್ರತಿಕಾಯ (ಆಂಟಿಬಾಡಿ) ಎಲ್ಲಿ ಅಂಟಿದೆ ಎಂದು ತೋರಿಸುವ ವಿಧಾನವೊಂದು 1981ರಲ್ಲಿ ಅದರಲ್ಲಿ ಬಂತು. ದಶಕಗಳ ಕಾಲ ಸಾವಿರಾರು ಪ್ರಬಂಧಗಳು ಅದನ್ನು ಹೆಸರಿಸಿದವು. ಆದರೆ 1984ರಿಂದಾಚೆಗಿನ ಒಂದೇ ಒಂದು ಉಲ್ಲೇಖವೂ ಇಂಪ್ಯಾಕ್ಟ್ ಫ್ಯಾಕ್ಟರಿಗೆ ಸೇರಲಿಲ್ಲ!

ಇನ್ನೊಂದು, ಇದು ಜರ್ನಲ್ಲಿನ ಸರಾಸರಿ. ನಾಲ್ಕೈದು ಪ್ರಬಂಧಗಳೇ ಜಾಸ್ತಿ ಉಲ್ಲೇಖ ಬಾಚಿಕೊಂಡಿರಬಹುದು, ಉಳಿದವಕ್ಕೆ ಒಂದೂ ಇಲ್ಲದಿರಬಹುದು. ನಿಮ್ಮ ಮಗಳ ಕೆಲಸ ಹೇಗಿದೆ ಅಂತ ಅದು ಹೇಳೋದೇ ಇಲ್ಲ, ಅಲ್ವಾ? 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆಯನ್ನೇ ಬರೆದರು: ಕೆಲಸ ಕೊಡುವಾಗ ಜರ್ನಲ್ಲಿನ ಅಂಕಿ ನೋಡಬೇಡಿ, ಪ್ರಬಂಧ ನೋಡಿ ಅಂತ.

ಅಂಕಿ ಸಣ್ಣದಾದರೆ ಜರ್ನಲ್ ಒಳ್ಳೆಯದೇ ಅಂತಲೂ ನಾನು ಹೇಳುತ್ತಿಲ್ಲ. ದುಡ್ಡು ಕಿತ್ತು, ಏನು ಕೊಟ್ಟರೂ ಅಚ್ಚು ಹಾಕುವ ಜರ್ನಲ್ಲುಗಳು ಸುಳ್ಳು ಇಂಪ್ಯಾಕ್ಟ್ ಫ್ಯಾಕ್ಟರನ್ನು ಹಣೆ ಮೇಲೆ ಅಂಟಿಸಿಕೊಂಡಿರುತ್ತವೆ. ಮಗಳಿಗೆ ಒಂದು ಮಾತು ಹೇಳಿ, ಆ ಎರಡೂವರೆ ಕ್ಲಾರಿವೇಟ್ ಕಂಪನಿ ವರ್ಷವರ್ಷ ಹೊರಡಿಸುವ ಪಟ್ಟಿಯಲ್ಲಿ ಇದೆಯಾ ನೋಡಲಿ. ಇದ್ದರೆ, ಮುಂದಿನ ಸಂದರ್ಶನಕ್ಕೆ ತನ್ನ ಸ್ಲೈಡಿನ ಫೋಟೋಗಳನ್ನು ತೆಗೆದುಕೊಂಡು ಹೋಗಲಿ.